ಅಬಕಾರಿ ಉಪ ಆಯುಕ್ತರೇ, ನಮ್ಮ ಬೀದಿಯಲ್ಲಿ ಕುಡಿಯುವುದನ್ನು ನಿಲ್ಲಿಸಿ

ನಮ್ಮ ಜಿಲ್ಲೆಯ ಅಬಕಾರಿ ಉಪ ಆಯುಕ್ತರಿಗೆ,

ನಮಸ್ಕಾರಗಳು. ಸಿಎಲ್-2 ಸನ್ನದಿಗೂ ಸಿಎಲ್-9 ಸನ್ನದಿಗೂ ಇರುವ ವ್ಯತ್ಯಾಸವನ್ನು ನಾನು ನಿಮಗೆ ಹೇಳಬೇಕಾಗಿಲ್ಲ. ನಮ್ಮ ಮನೆಯ ಎದುರಿನ ವೈನ್ ಶಾಪ್‌ಗೆ ಇರುವುದು ಸಿಎಲ್-2. ಅಲ್ಲಿ ಸೀಲ್ ಮಾಡಿದ ಬಾಟಲಿಯನ್ನು ಮಾರಬಹುದೇ ಹೊರತು, ಸಿಎಲ್-9 ಇರುವ ಬಾರ್‌ಗಳಂತೆ ಕುಡಿಯಲು ಕೂರಿಸುವಂತಿಲ್ಲ. ಆದರೆ ಕತ್ತಲಾದರೆ ನಮ್ಮ ಇಡೀ ಬೀದಿಯೇ ಬಾರ್ ಆಗುತ್ತದೆ. ಪ್ಲಾಸ್ಟಿಕ್ ಲೋಟ, ನೀರಿನ ಪ್ಯಾಕೆಟ್, ಬೇಯಿಸಿದ ಮೊಟ್ಟೆ ಪಕ್ಕದ ಪೆಟ್ಟಿಗೆ ಅಂಗಡಿಯಲ್ಲಿ ಸಿಗುತ್ತವೆ. ಕೂರಲು ನಮ್ಮ ಮನೆಗಳ ಮೆಟ್ಟಿಲುಗಳಿವೆ. ಮೂತ್ರಕ್ಕೆ ನಮ್ಮ ಕಾಂಪೌಂಡ್ ಗೋಡೆ.

ವರ್ಷಗಳಿಂದ ಸಹಿಸಿಕೊಂಡು ಬಂದೆವು. ಬೆಳಿಗ್ಗೆ ಬಾಗಿಲಿಗೆ ನೀರು ಹಾಕುವ ಮೊದಲು ಒಡೆದ ಗಾಜು, ಖಾಲಿ ಟೆಟ್ರಾ ಪ್ಯಾಕ್ ಗುಡಿಸುವುದು ಅಭ್ಯಾಸವಾಗಿದೆ. ಟ್ಯೂಷನ್ ಮುಗಿಸಿ ಬರುವ ಮಗಳನ್ನು ಕರೆತರಲು ಮುಖ್ಯರಸ್ತೆಯವರೆಗೆ ಹೋಗಿ ನಿಲ್ಲುತ್ತೇನೆ.

ಈಚೆಗೆ ನಮ್ಮ ಮಾವ ತೀರಿಕೊಂಡರು. ಊರಿನಿಂದ ಬರುವ ನೆಂಟರಿಗೆಂದು ಗೇಟಿನ ಬಳಿ ನೀರಿನ ಕ್ಯಾನ್ ಮತ್ತು ಲೋಟಗಳನ್ನು ಇಟ್ಟಿದ್ದೆವು. ಒಳಗೆ ಹೆಣ ಮಲಗಿಸಿದೆ, ಹೆಂಗಸರು ಅಳುತ್ತಿದ್ದಾರೆ. ಹೊರಗೆ ಮೂವರು ಅದೇ ಕ್ಯಾನಿನ ನೀರು ಹಿಡಿದು, ಅದೇ ಲೋಟದಲ್ಲಿ ಮದ್ಯ ಬೆರೆಸಿಕೊಂಡು, ನಮ್ಮ ಗೇಟಿಗೆ ಒರಗಿ ಕುಡಿದರು. ನನ್ನ ಪತಿ ಕೈಮುಗಿದು ಬೇಡಿಕೊಂಡಾಗ ಒಬ್ಬ, 'ರಸ್ತೆ ನಿಮ್ಮಪ್ಪನದಾ?' ಎಂದು ಕೇಳಿದ. ಆ ಹೊತ್ತಿನಲ್ಲಿ ಆ ಮಾತು ಕೇಳಬೇಕಾಯಿತು, ಸ್ವಾಮಿ. ಅಂದು ಜಗಳವಾಡುವ ಶಕ್ತಿಯೂ ನಮಗಿರಲಿಲ್ಲ.

ಅಂಗಡಿಯವರನ್ನು ಕೇಳಿದರೆ ಕೌಂಟರ್ ದಾಟಿದ ಮೇಲೆ ತಮಗೆ ಸಂಬಂಧವಿಲ್ಲ ಎನ್ನುತ್ತಾರೆ. ಪೊಲೀಸರು ಅಬಕಾರಿಯವರಿಗೆ ಹೇಳಿ ಎನ್ನುತ್ತಾರೆ, ನಿಮ್ಮ ಕಚೇರಿಯವರು ಪೊಲೀಸರಿಗೆ ಹೇಳಿ ಎನ್ನುತ್ತಾರೆ. ಒಮ್ಮೆ ಜೀಪು ಬಂದು ನಾಲ್ಕು ಜನರನ್ನು ಹತ್ತಿಸಿಕೊಂಡು ಹೋಯಿತು. ಮರುದಿನ ಅದೇ ಮೆಟ್ಟಿಲು, ಅದೇ ಮುಖಗಳು.

ಸಾರ್ವಜನಿಕ ಸ್ಥಳದಲ್ಲಿ ಮದ್ಯ ಸೇವನೆಯನ್ನು ತಡೆಯಲು 1965ರ ಕರ್ನಾಟಕ ಅಬಕಾರಿ ಕಾಯ್ದೆಯಲ್ಲಿ ಕಲಂ 15ಎ ಇದೆ. ಷರತ್ತು ಮುರಿದವರ ಸನ್ನದನ್ನು ಅಮಾನತಿನಲ್ಲಿಡಲು ಕಲಂ 29 ಇದೆ. ನಾನು ಹೊಸ ಕಾನೂನು ಕೇಳುತ್ತಿಲ್ಲ. ಇರುವುದನ್ನು ನಮ್ಮ ಬೀದಿಗೂ ಅನ್ವಯಿಸಿ. 2007ರಲ್ಲಿ ಸಾರಾಯಿ ನಿಷೇಧವಾದಾಗ ಬೀದಿಬದಿಯ ಪ್ಯಾಕೆಟ್ ಕಾಟ ತಪ್ಪಿತೆಂದು ನನ್ನಂಥ ಹೆಂಗಸರು ನೆಮ್ಮದಿಯ ಉಸಿರು ಬಿಟ್ಟಿದ್ದೆವು. ಈಗ ಅದೇ ಕಾಟ ಟೆಟ್ರಾ ಪ್ಯಾಕಿನಲ್ಲಿ ನಮ್ಮ ಬಾಗಿಲಿಗೇ ಬಂದು ಕುಳಿತಿದೆ. ಮಾರಾಟದಿಂದ ಸರ್ಕಾರಕ್ಕೆ ಸುಂಕ ಬರುತ್ತದೆ, ನಿಜ. ಆ ಸುಂಕದ ಹೊರೆಯನ್ನು ನಮ್ಮ ಹೊಸ್ತಿಲು ಯಾಕೆ ಹೊರಬೇಕು?

ಸಂಜೆಯ ಹೊತ್ತು ಗಸ್ತು ಹಾಕಿಸಿ. ಬೀದಿಯಲ್ಲಿ ಕುಡಿಯುವವರ ಮೇಲೆ ಪ್ರಕರಣ ದಾಖಲಿಸಿ. ಲೋಟ, ನೀರು ಕೊಟ್ಟು ಅಲ್ಲೇ ಕುಡಿಯಲು ಅನುವು ಮಾಡಿಕೊಡುವವರನ್ನೂ ಬಿಡಬೇಡಿ. ಅಂಗಡಿಯ ಮುಂದೆ ಇದು ಮುಂದುವರಿದರೆ ಸನ್ನದುದಾರರಿಗೆ ನೋಟಿಸ್ ಕೊಡಿ, ಅದಕ್ಕೂ ಬಗ್ಗದಿದ್ದರೆ ಸನ್ನದು ಅಮಾನತು ಮಾಡಿ. ಪೊಲೀಸರ ಕಡೆಗೆ ಮತ್ತೆ ಬೆರಳು ತೋರಿಸಬೇಡಿ. ಸನ್ನದು ಕೊಟ್ಟಿರುವುದು ನಿಮ್ಮ ಇಲಾಖೆ. ನಮ್ಮ ಬೀದಿಯಲ್ಲಿ ಕುಡಿಯುವುದನ್ನು ನೀವೇ ನಿಲ್ಲಿಸಬೇಕು.

ಇಂತಿ,
ವೈನ್ ಶಾಪ್ ಎದುರಿನ ಮನೆಯ ಗೃಹಿಣಿ