ಹದಿನೆಂಟರ ಹಿಂದಿನ ರಾತ್ರಿ ಬ್ಯಾಗು ತುಂಬಿದ ಮಗಳು

ಮಾನ್ಯ ಸಂಪಾದಕರೇ,

ಕಳೆದ ಜನವರಿಯ ಒಂದು ರಾತ್ರಿ. ಮರುದಿನ ನಮ್ಮ ಮನೆಯ ಹುಡುಗಿಗೆ 18 ತುಂಬುವುದಿತ್ತು. ಅವಳಿಗೆ ಇಷ್ಟ ಅಂತ ಹಾಲುಬಾಯಿ ಮಾಡಿ ತಟ್ಟೆಗೆ ಹೊಯ್ದಿಟ್ಟು ಒಳಗೆ ಹೋದೆ. ಅವಳು ಮಂಚದ ಮೇಲೆ ಬ್ಯಾಗು ತುಂಬಿಸುತ್ತಾ ಕೂತಿದ್ದಳು. ಮೂರು ಚೂಡಿದಾರ್, ಪಿಯುಸಿ ಪುಸ್ತಕಗಳು, ನಾನು ಹೊಲಿದುಕೊಟ್ಟ ಒಂದು ಪರ್ಸು. "ದೊಡ್ಡಮ್ಮ, ನಾಳೆ ಬೆಳಿಗ್ಗೆಯೇ ಹೊರಡ್ಬೇಕಾ, ಸಂಜೆ ಹೋದ್ರೆ ಸಾಕಾ?" ಅಂತ ಕೇಳಿದಳು. ಅಳುತ್ತಿರಲಿಲ್ಲ. ಬಸ್ಸಿನ ಟೈಮ್ ವಿಚಾರಿಸುವ ಹಾಗೆ ಕೇಳಿದಳು.

ಆರು ವರ್ಷದ ಹಿಂದೆ ಮಕ್ಕಳ ಕಲ್ಯಾಣ ಸಮಿತಿ ಅವಳನ್ನು ನಮ್ಮ ಕೈಗೆ ಕೊಟ್ಟಾಗ ಆದೇಶದಲ್ಲಿ 18 ವರ್ಷದವರೆಗೆ ಎಂದು ಬರೆದಿತ್ತು. ಏಳನೇ ಕ್ಲಾಸಿನ ಮಗು ಅದನ್ನು ಓದಿ ಮನಸ್ಸಿನಲ್ಲೇ ಇಟ್ಟುಕೊಂಡಿತ್ತು. ನಮಗದು ಗೊತ್ತೇ ಆಗಲಿಲ್ಲ. ನೀನು ಎಲ್ಲಿಗೂ ಹೋಗಬೇಕಾಗಿಲ್ಲ ಅಂತ ನಾವು ಒಮ್ಮೆಯಾದರೂ ಬಾಯಿಬಿಟ್ಟು ಹೇಳಬೇಕಿತ್ತು. ಹೇಳದೇ ಹೋದದ್ದಕ್ಕೆ ಇವತ್ತಿಗೂ ಹೊಟ್ಟೆ ಸಂಕಟ ಆಗುತ್ತದೆ.

ಅವಳ ಅಮ್ಮ ಬದುಕಿದ್ದಾರೆ, ಮಗಳನ್ನು ನೋಡಿಕೊಳ್ಳುವ ಸ್ಥಿತಿಯಲ್ಲಿಲ್ಲ. ಹಾಗಾಗಿ ದತ್ತು ಅಲ್ಲ, ಪೋಷಕತ್ವ, ಅಂದರೆ ಸಮಿತಿಯ ಆದೇಶದ ಮೇಲೆ ನಮ್ಮ ಮನೆಯಲ್ಲಿ ಸಾಕುವುದು. ಆಫೀಸಿನಲ್ಲಿ ಎಲ್ಲರೂ ಫಾಸ್ಟರ್ ಕೇರ್ ಅಂತಲೇ ಹೇಳುತ್ತಾರೆ. ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ತಿಂಗಳಿಗೆ 4,000 ರೂಪಾಯಿ ಬರುತ್ತಿತ್ತು. 18 ತುಂಬಿದ ಮೇಲೆ ಅದು ನಿಂತಿತು. ದ್ವಿತೀಯ ಪಿಯುಸಿ ಪರೀಕ್ಷೆ ಎದುರಿಗೇ ಇತ್ತು!

ನಾನು ಬ್ಲೌಸ್ ಹೊಲಿಯುತ್ತೇನೆ, ಮನೆಯವರು ರಿಕ್ಷಾ ಓಡಿಸುತ್ತಾರೆ. ಕಾಲೇಜಿನ ಫೀಸು ಕಟ್ಟುವ ಹೊತ್ತಿಗೇ ಆಟಿ ತಿಂಗಳು. ಮದುವೆ ಇಲ್ಲ, ಹೊಲಿಗೆ ಇಲ್ಲ. ಮಳೆಗೆ ಬಾಡಿಗೆಯೂ ಕಡಿಮೆ. ಆದರೂ ದುಡ್ಡನ್ನು ಹೇಗೋ ಹೊಂದಿಸಿದೆವು. ಜಾಸ್ತಿ ಕಷ್ಟವಾದದ್ದು ಕಾಗದಪತ್ರದ್ದು. ನರ್ಸಿಂಗ್ ಸೇರಲು ಹೋದರೆ ತಂದೆಯ ಆದಾಯ ಪ್ರಮಾಣಪತ್ರ ಕೇಳಿದರು. ನಮ್ಮದನ್ನು ಕೊಟ್ಟರೆ "ನೀವು ಇವಳಿಗೆ ಏನಾಗಬೇಕು?" ಅಂದರು. ಆ ಪ್ರಶ್ನೆಗೆ ಜನವರಿಯವರೆಗೆ ನಮ್ಮ ಕೈಯಲ್ಲಿ ಒಂದು ಆದೇಶವಿತ್ತು. ಈಗ ಏನೂ ಇಲ್ಲ. ಕೌಂಟರಿನ ಎದುರು ಅವಳು ನನ್ನ ಸೆರಗು ಹಿಡಿದು ನಿಂತಿದ್ದಳು, ಮೊದಲ ದಿನ ನಮ್ಮ ಮನೆಗೆ ಬಂದಾಗ ನಿಂತ ಹಾಗೆ.

ಮನೆಗೆ ಬಂದು ಕಾನೂನು ಬಲ್ಲವರೊಬ್ಬರ ಹತ್ತಿರ ಕೇಳಿದೆ. 2015ರ ಬಾಲನ್ಯಾಯ ಕಾಯ್ದೆಯಲ್ಲಿ ಅನುಪಾಲನೆ ಎಂದು ಇದೆಯಂತೆ. 18 ತುಂಬಿದವರಿಗೆ 21ರವರೆಗೆ ನೆರವು. ವಿಶೇಷ ಸಂದರ್ಭದಲ್ಲಿ 23ರವರೆಗೂ ಮುಂದುವರಿಸಲು 2016ರ ಮಾದರಿ ನಿಯಮದಲ್ಲಿ ಅವಕಾಶವಿದೆ. ಮಗು ಹೊರಡುವ ಎರಡು ತಿಂಗಳ ಮೊದಲೇ ಮುಂದಿನ ಯೋಜನೆ ಬರೆದು ಸಮಿತಿಗೆ ಕೊಡಬೇಕು ಎಂದೂ ಇದೆ. ಎಷ್ಟು ಒಳ್ಳೆಯದು ಅಲ್ವಾ? ಆದರೆ ಕಾಯ್ದೆಯ ವ್ಯಾಖ್ಯೆಯಲ್ಲಿ ಇರುವುದು ಸಂಸ್ಥೆಯ, ಅಂದರೆ ಬಾಲಮಂದಿರದಂಥ ಕಡೆಯ, ಪಾಲನೆಯಿಂದ ಹೊರಬಂದವರು ಅಂತ. ಸಾಕು ಮನೆಯಲ್ಲಿ ಬೆಳೆದವರ ಮಾತೇ ಅಲ್ಲಿಲ್ಲ.

ಸಂಸ್ಥೆಯ ಮಕ್ಕಳಿಗೆ ಸಿಗುವುದರ ಬಗ್ಗೆ ನನಗೆ ಖಂಡಿತ ಬೇಸರವಿಲ್ಲ. ಅವರಿಗೆ ಇನ್ನೂ ಸಿಗಲಿ. ಆದರೆ ಮಗುವಿಗೆ ಸಂಸ್ಥೆಗಿಂತ ಕುಟುಂಬವೇ ಒಳ್ಳೆಯದು ಅಂತ ಹೇಳುವುದೂ ಇದೇ ಕಾಯ್ದೆ. ಆ ಮಾತು ನಂಬಿ ಮನೆ ಬಾಗಿಲು ತೆರೆದವರು ನಾವು. ಮನೆಯಲ್ಲಿ ಬೆಳೆದದ್ದಕ್ಕೇ ಹುಡುಗಿಗೆ ನಷ್ಟ ಆಗಬಾರದು.

ನಮ್ಮ ಕರಾವಳಿಯ ಸಂಸದರು ಆ ವ್ಯಾಖ್ಯೆಗೆ ಸಾಕು ಮನೆಯನ್ನೂ ಸೇರಿಸಲು ಸಂಸತ್ತಿನಲ್ಲಿ ಕೇಳಲಿ. ಅದು ಆಗುವವರೆಗೆ ರಾಜ್ಯ ಸರಕಾರ ಕನಿಷ್ಠ ಆ ವರ್ಷದ ಪರೀಕ್ಷೆ ಮುಗಿಯುವ ತನಕವಾದರೂ ಹಣ ನಿಲ್ಲಿಸದಿರಲಿ. ಮತ್ತೆ, ಸಾಕಿದವರ ಹೆಸರಿರುವ ಒಂದು ಪತ್ರ ಕೊಡಲಿ. ಕಾಲೇಜಿನಲ್ಲಿ, ಬ್ಯಾಂಕಿನಲ್ಲಿ, ಹಾಸ್ಟೆಲಿನಲ್ಲಿ ತೋರಿಸಲು. ಕಾಲೇಜಿನವರೂ ಅರ್ಜಿಯಲ್ಲಿ ತಂದೆ ತಾಯಿಯ ಕೆಳಗೆ ಪೋಷಕರು ಅಂತ ಒಂದು ಗೆರೆ ಹಾಕಿದರೆ ಅವರಿಗೇನೂ ಖರ್ಚಿಲ್ಲ.

ಹುಡುಗಿ ಈಗ ಮಂಗಳೂರಿನಲ್ಲಿ ನರ್ಸಿಂಗ್ ಮೊದಲ ವರ್ಷ. ಶನಿವಾರ ಸಂಜೆ ಬಸ್ಸಿಳಿದು ಮನೆಗೆ ಬರುತ್ತಾಳೆ. ಅವಳನ್ನು ಕೇಳಿಯೇ ಇದನ್ನು ಬರೆದಿದ್ದೇನೆ. ಹೆಸರು ಬೇಡ ಅಂದಳು, ಹಾಗಾಗಿ ನನ್ನದನ್ನೂ ಹಾಕಿಲ್ಲ.

ಇಂತಿ,
ಒಬ್ಬ ಸಾಕುತಾಯಿ
ಸಂತೆಕಟ್ಟೆ, ಉಡುಪಿ