ಲೈನ್ ಫಾಲೋಯರ್: ಮೊದಲು ಬ್ಯಾಟರಿ ನೋಡಿ, ಆಮೇಲೆ ಪ್ರೋಗ್ರಾಂ

ಮಾನ್ಯರೇ,

ಶಾಲಾ–ಕಾಲೇಜುಗಳ ಲೈನ್ ಫಾಲೋಯರ್ (ನೆಲದ ಕಪ್ಪು ಗೆರೆಯನ್ನು ತಾನೇ ಹಿಂಬಾಲಿಸುವ ಪುಟ್ಟ ರೋಬೊ ಗಾಡಿ) ಸ್ಪರ್ಧೆಗಳಲ್ಲಿ ಗಾಡಿ ಮೊದಲ ತಿರುವಿನಲ್ಲೇ ನಿಂತುಬಿಟ್ಟರೆ ಮಕ್ಕಳು ಲ್ಯಾಪ್‌ಟಾಪ್ ತೆರೆದು ಪ್ರೋಗ್ರಾಂ ತಿದ್ದಲು ಕೂರುತ್ತಾರೆ. ಬಹಳಷ್ಟು ಸಲ ತಪ್ಪು ಅಲ್ಲಿರುವುದಿಲ್ಲ. ಗಾಡಿ ನಿಂತ ಕ್ಷಣ ಅದರ ಮಿದುಳಾದ ಆರ್ಡುಯಿನೊ ಉನೊ ಬೋರ್ಡಿನ 13ನೇ ಪಿನ್ ಬಳಿಯ ‘ಎಲ್’ ಎಂಬ ಪುಟ್ಟ ದೀಪ ಪಟಪಟನೆ ಮಿನುಗಿತೇ ಎಂದು ನೋಡಬೇಕು. ಮಿನುಗಿದ್ದರೆ ಬೋರ್ಡು ರೀಸೆಟ್ ಆಗಿದೆ. ಸಾಮಾನ್ಯವಾಗಿ ವೋಲ್ಟೇಜ್ ಕುಸಿದಾಗ ಹೀಗಾಗುತ್ತದೆ.

ಇದರ ಮೂಲ ಅನೇಕ ಕಿಟ್‌ಗಳ ಜತೆ ಬರುವ, ಮಲ್ಟಿಮೀಟರಿಗೆ ಹಾಕುವಂಥ 9 ವೋಲ್ಟ್ ಬ್ಯಾಟರಿ. ಅದರ ಒಳರೋಧ ಹೆಚ್ಚು. ತಿರುವಿನಲ್ಲಿ ಓಡುತ್ತಿರುವ ಚಕ್ರವನ್ನು ಥಟ್ಟನೆ ಹಿಮ್ಮುಖ ಮಾಡಿದಾಗ ಮೋಟರ್ ಎಳೆಯುವ ಕರೆಂಟನ್ನು ಅದು ಕೊಡಲಾರದು. ನಾಲ್ಕು ಪೆನ್‌ಸೆಲ್ ಹಾಕಿದರೂ ತೊಂದರೆ ತಪ್ಪದು: ಮೋಟರುಗಳಿಗೆ ಕರೆಂಟ್ ಹಾಯಿಸುವ ಎಲ್298ಎನ್ ಡ್ರೈವರ್ ಬೋರ್ಡಿನ 5 ವೋಲ್ಟ್ ರೆಗ್ಯುಲೇಟರಿಗೆ ಸುಮಾರು 7 ವೋಲ್ಟ್ ಒಳಹರಿವು ಬೇಕು, ನಾಲ್ಕು ಸೆಲ್ ಸೇರಿ ಕೊಡುವುದು 6. ಮೇಲಾಗಿ ಆ ಡ್ರೈವರ್ 1 ಆಂಪಿಯರ್ ಹರಿಯುವಾಗ 2 ವೋಲ್ಟಿನಷ್ಟನ್ನು ತಾನೇ ನುಂಗಿ ಬಿಸಿಯಾಗುತ್ತದೆ. ಅದರ ಬೆನ್ನಿಗೆ ಅಷ್ಟು ದೊಡ್ಡ ಹೀಟ್‌ಸಿಂಕ್ ಕೂರಿಸಿರುವುದು ಸುಮ್ಮನೆ ಅಲ್ಲ.

ಎರಡು 18650 ಲಿಥಿಯಂ ಸೆಲ್‌ಗಳನ್ನು ಸೀರೀಸ್‌ನಲ್ಲಿ ಜೋಡಿಸಿ (7.4 ವೋಲ್ಟ್), 2ಎಸ್ ಬಿಎಂಎಸ್ (ಎರಡು ಸೆಲ್‌ಗಳ ಚಾರ್ಜನ್ನು ಕಾಯುವ ಸರ್ಕ್ಯೂಟ್) ಮತ್ತು 3 ಆಂಪಿಯರ್ ಫ್ಯೂಸ್ ಹಾಕಿ. ಫ್ಯೂಸ್ ಇಲ್ಲದ ಲಿಥಿಯಂ ಸೆಲ್ಲನ್ನು ಮಕ್ಕಳ ಕೈಗೆ ಕೊಡಲೇಬಾರದು. ಡ್ರೈವರ್ ಟಿಬಿ6612 ಇರಲಿ. 1 ಆಂಪಿಯರ್‌ಗೆ ಅದರಲ್ಲಿ ನಷ್ಟವಾಗುವುದು ಅರ್ಧ ವೋಲ್ಟ್ ಮಾತ್ರ. ಪೂರ್ತಿ ಚಾರ್ಜಾದ ಜೋಡಿ 8.4 ವೋಲ್ಟ್ ತೋರಿಸುತ್ತದೆ. ಮೋಟರ್ 6 ವೋಲ್ಟಿನದಾದರೆ ಪಿಡಬ್ಲ್ಯೂಎಂ (ಮೋಟರಿಗೆ ಹೋಗುವ ವಿದ್ಯುತ್ತನ್ನು ಪ್ರೋಗ್ರಾಮಿನಿಂದ ಮಿತಗೊಳಿಸುವ) ಬೆಲೆ 255ರಲ್ಲಿ 180 ದಾಟದಿರಲಿ. ಪ್ರತಿ ಮೋಟರಿನ ಎರಡು ಕಾಲುಗಳ ನಡುವೆ 0.1 ಮೈಕ್ರೊಫ್ಯಾರಡ್ ಸಿರಾಮಿಕ್ ಕೆಪಾಸಿಟರ್ ಬೆಸುಗೆ ಹಾಕಿದರೆ ಬ್ರಷ್‌ಗಳ ಕಿಡಿ ಎಬ್ಬಿಸುವ ನಾಯ್ಸ್ ತಗ್ಗುತ್ತದೆ.

ಇನ್ನು ಸೆನ್ಸರ್. ನೆಲಕ್ಕೆ ಇನ್‌ಫ್ರಾರೆಡ್ (ಕಣ್ಣಿಗೆ ಕಾಣದ) ಬೆಳಕು ಬಿಟ್ಟು, ಮರಳಿ ಬಂದದ್ದನ್ನು ಅಳೆದು ಗೆರೆ ಗುರುತಿಸುವ ಟಿಸಿಆರ್‌ಟಿ5000 ಚುರುಕಾಗಿ ಕೆಲಸ ಮಾಡುವುದು ನೆಲದಿಂದ ಸುಮಾರು 2.5 ಮಿಲಿಮೀಟರ್ ಎತ್ತರದಲ್ಲಿ. ಒಂದು ಸೆಂಟಿಮೀಟರ್ ಮೇಲೆ ಕಟ್ಟಿ ಸೂಕ್ಷ್ಮತೆ ಹೊಂದಿಸುವ ನೀಲಿ ಪ್ರೀಸೆಟ್ ತಿರುಗಿಸುತ್ತ ಕೂತರೆ ಪ್ರಯೋಜನವಿಲ್ಲ. ಬಿಸಿಲಿನಲ್ಲಿ ಇನ್‌ಫ್ರಾರೆಡ್ ಧಾರಾಳ. ಹಾಗಾಗಿ ಟ್ಯೂಬ್‌ಲೈಟ್ ಕೆಳಗೆ ಸರಿಯಾಗಿ ಓಡಿದ ಗಾಡಿ ಶಾಮಿಯಾನದಡಿ ದಿಕ್ಕೆಡುತ್ತದೆ. ಸೆನ್ಸರ್ ಸುತ್ತ ಕಪ್ಪು ರಟ್ಟಿನ ಲಂಗ ಕಟ್ಟಿ. ಓಟಕ್ಕೆ ಮುನ್ನ ಗಾಡಿಯನ್ನು ಗೆರೆಯ ಮೇಲೆ ಐದು ಸೆಕೆಂಡ್ ಅತ್ತಿತ್ತ ತಿರುಗಿಸಿ, ಪ್ರತಿ ಸೆನ್ಸರಿನ ಕನಿಷ್ಠ–ಗರಿಷ್ಠ ರೀಡಿಂಗನ್ನು ಪ್ರೋಗ್ರಾಮೇ ದಾಖಲಿಸಿಕೊಳ್ಳುವಂತೆ ಬರೆಯಿರಿ.

ಪ್ರೋಗ್ರಾಮಿನಲ್ಲಿ ನಿಜವಾಗಿ ಕಾಡುವ ಒಂದು ತಪ್ಪಿದೆ: ಪರೀಕ್ಷೆಗೆಂದು ಹಾಕಿದ, ರೀಡಿಂಗನ್ನು ಕಂಪ್ಯೂಟರಿಗೆ ಕಳಿಸುವ ಸೀರಿಯಲ್ ಪ್ರಿಂಟ್ ಸಾಲುಗಳನ್ನು ಅಳಿಸದೆ ಬಿಡುವುದು. 9600 ಬಾಡ್‌ನಲ್ಲಿ (ಸೆಕೆಂಡಿಗೆ 9600 ಬಿಟ್ ವೇಗದಲ್ಲಿ) ಒಂದು ಅಕ್ಷರ ಹೊರಹೋಗಲು 1 ಮಿಲಿಸೆಕೆಂಡ್ ಬೇಕು. 30 ಅಕ್ಷರ ಮುಗಿಯುವಷ್ಟರಲ್ಲಿ ಸೆಕೆಂಡಿಗೆ 1 ಮೀಟರ್ ಓಡುವ ಗಾಡಿ ಗೆರೆ ನೋಡದೆಯೇ 3 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಐದು ಸೆನ್ಸರ್‌ಗಳನ್ನೂ ಓದಲು ಅರ್ಧ ಮಿಲಿಸೆಕೆಂಡ್ ಸಾಕು ಎಂಬುದನ್ನು ಇದರ ಪಕ್ಕ ಇಟ್ಟು ನೋಡಿ. ಪಿಐಡಿ (ಗಾಡಿ ಗೆರೆಯಿಂದ ಸರಿದದ್ದನ್ನು ತಿದ್ದುವ ಲೆಕ್ಕ) ಹೊಂದಿಸುವಾಗ ಮೊದಲು ‘ಪಿ’ (ಈಗ ಸರಿದಷ್ಟಕ್ಕೆ ತಕ್ಕ ತಿದ್ದುಪಡಿ) ಏರಿಸಿ, ಗಾಡಿ ತೊನೆಯತೊಡಗಿದಾಗ ‘ಡಿ’ (ಸರಿಯುವ ವೇಗಕ್ಕೆ ತಕ್ಕ ತಿದ್ದುಪಡಿ) ಸೇರಿಸಿ. ಬಹುತೇಕ ಟ್ರ್ಯಾಕ್‌ಗಳಿಗೆ ‘ಐ’ (ಕೂಡುತ್ತ ಬಂದ ತಪ್ಪಿಗೆ ತಕ್ಕ ತಿದ್ದುಪಡಿ) ಸೊನ್ನೆಯಿದ್ದರೂ ನಡೆಯುತ್ತದೆ.

ಆಯೋಜಕರಿಗೂ ಒಂದು ಮಾತು. ಟ್ರ್ಯಾಕನ್ನು ಫ್ಲೆಕ್ಸ್‌ನಲ್ಲಿ ಮುದ್ರಿಸುವವರು ಮೊದಲು ಒಂದು ತುಂಡನ್ನು ಸೆನ್ಸರ್ ಕೆಳಗಿಟ್ಟು ನೋಡಬೇಕು. ಕಣ್ಣಿಗೆ ಕಪ್ಪಾಗಿ ಕಾಣುವ ಕೆಲವು ಶಾಯಿಗಳು ಇನ್‌ಫ್ರಾರೆಡ್ ಬೆಳಕನ್ನು ಹೀರುವುದಿಲ್ಲ. ಸೆನ್ಸರಿಗೆ ಅದು ಬಿಳಿಯೇ. ಹೊಳೆಯುವ ಫ್ಲೆಕ್ಸ್ ಕನ್ನಡಿಯಂತೆ ಬೆಳಕು ಎರಚುವುದೂ ಉಂಟು. ಮ್ಯಾಟ್ ಬಿಳಿ ಹಾಳೆಯ ಮೇಲೆ, ಮೊದಲೇ ಹೀಗೆ ಪರೀಕ್ಷಿಸಿದ ಕಪ್ಪು ಟೇಪ್ ಅಂಟಿಸುವುದು ಅಗ್ಗ, ನಂಬಿಕಸ್ಥ. ಗೆರೆಯ ಅಗಲ, ಅತಿ ಚಿಕ್ಕ ತಿರುವಿನ ತ್ರಿಜ್ಯ, ಸ್ಪರ್ಧೆ ಒಳಾಂಗಣದಲ್ಲೋ ಹೊರಗೋ ಎಂಬುದನ್ನು ನಿಯಮಾವಳಿಯಲ್ಲೇ ಮುದ್ರಿಸಿ. ಓಟಕ್ಕೆ ಮುನ್ನ ಪ್ರತಿ ತಂಡಕ್ಕೆ ಅದೇ ಟ್ರ್ಯಾಕಿನ ಮೇಲೆ ಐದು ನಿಮಿಷವಾದರೂ ಬಿಡಿ.

– ಕೆಲವು ಲ್ಯಾಬ್ ತರಬೇತುದಾರರು, ಹುಬ್ಬಳ್ಳಿ