ಬಾರದ ಕೊಪ್ಪರಿಗೆ, ಕೆಂಪಾಗುವ ಸಾಲು

ಮುಲುಂಡ್, ಮುಂಬೈ
ಆಷಾಢದ ಒಂದು ಭಾನುವಾರ

ಪ್ರೀತಿಯ ಅಕ್ಕನಿಗೆ ನಮಸ್ಕಾರ.

ಇಲ್ಲಿ ನಾವೆಲ್ಲ ಸೌಖ್ಯ. ಮಳೆ ಜೋರಿದೆ. ಘಾಟ್‌ಕೋಪರ್‌ವರೆಗೆ ಲೋಕಲ್, ಅಲ್ಲಿಂದ ಮೆಟ್ರೋ ಹಿಡಿದು ಸಾಕಿನಾಕಾ, ಅದೇ ಓಡಾಟ.

ನೀನು ಫೋನಿನಲ್ಲಿ ಹೇಳಿದ್ದು ಎರಡು ವಾರದಿಂದ ಮನಸ್ಸಿನಲ್ಲೇ ಇದೆ. ಮೇ ತಿಂಗಳಲ್ಲಿ ಊರಿನ ಯಾರದೋ ಮನೆ ಒಕ್ಕಲಿಗೆ ನಾವು ಬಾಡಿಗೆಗೆ ಕೊಟ್ಟ ಮೂರು ಕೊಪ್ಪರಿಗೆ ಹತ್ತು ದಿನವಾದರೂ ಬಂದಿರಲಿಲ್ಲ. ಅದೇ ಪಾತ್ರೆ ಬೇಕಿದ್ದ ಮದುವೆಯ ಹಿಂದಿನ ರಾತ್ರಿ ಅಡುಗೆಯವರು ಕೇಳಿದಾಗಲೇ ನಿನಗೆ ನೆನಪಾಯಿತು. ಬೆಳಗಿನ ಜಾವ ನಾಲ್ಕಕ್ಕೆ ರಿಕ್ಷಾ ಮಾಡಿಕೊಂಡು ನೀನೇ ತರಲು ಹೋದೆ. ಕೇಳಿ ತುಂಬಾ ಬೇಜಾರಾಯಿತು. ಅಪ್ಪ ಇದ್ದಾಗ ಯಾರು ಏನು ಒಯ್ದರು ಅನ್ನುವ ಚೀಟಿಗಳನ್ನು ಮೊಳೆಗೆ ಚುಚ್ಚಿಡುತ್ತಿದ್ದರು, ದಿನಾ ರಾತ್ರಿ ಊಟಕ್ಕೆ ಮುಂಚೆ ಒಂದೊಂದಾಗಿ ನೋಡುತ್ತಿದ್ದರು. ನಿನಗೆ ಅಡುಗೆಮನೆ, ಅಮ್ಮನ ಔಷಧಿ, ಶಾಮಿಯಾನದ ಹುಡುಗರು, ಎಲ್ಲ ಇದೆ. ಎಲ್ಲವನ್ನೂ ನೆನಪಿಟ್ಟುಕೋ ಅಂದರೆ ಹೇಗಾಗುತ್ತದೆ?

ನನ್ನ ಆಫೀಸಿನ ಕೆಲಸವೂ ಹೆಚ್ಚುಕಡಿಮೆ ಇದೇ ಅಲ್ವಾ. ನಾವು ಕಬ್ಬಿಣದ ಮಾಲನ್ನು ಚಲನ್ (ಮಾಲಿನ ಜೊತೆ ಹೋಗುವ ಚೀಟಿ) ಬರೆದು ಹೊರಗಿನ ವರ್ಕ್‌ಶಾಪ್‌ಗಳಿಗೆ ಜಾಬ್ ವರ್ಕಿಗೆ, ಅಂದರೆ ನಮ್ಮ ಮಾಲಿನ ಮೇಲೆ ಕೆಲಸ ಮಾಡಿ ಕೊಡಲು, ಕಳಿಸುತ್ತೇವೆ. ಜಿಎಸ್‌ಟಿ ಕಾಯಿದೆಯ 143ನೇ ಸೆಕ್ಷನ್ ಪ್ರಕಾರ ಅಂಥ ಮಾಲು 1 ವರ್ಷದೊಳಗೆ ವಾಪಸ್ ಬರಬೇಕು, ಯಂತ್ರವಾದರೆ 3 ವರ್ಷ. ಬಾರದಿದ್ದರೆ ಕಳಿಸಿದ ದಿನವೇ ಮಾರಿದ ಹಾಗೆ ಲೆಕ್ಕ. ತೆರಿಗೆ ಕಟ್ಟಬೇಕು, ಮೇಲೆ ಬಡ್ಡಿ. ಅದಕ್ಕೇ ನಾನು ಎಕ್ಸೆಲ್ ಶೀಟಿನಲ್ಲಿ ಕಂಡೀಷನಲ್ ಫಾರ್ಮ್ಯಾಟಿಂಗ್ ಹಾಕಿದ್ದೇನೆ. ವಾಯಿದೆ ದಾಟಿದ ಸಾಲು ತಾನಾಗಿ ಕೆಂಪಾಗುತ್ತದೆ. ಬೆಳಿಗ್ಗೆ ಚಹಾ ಕುಡಿಯುವಷ್ಟರಲ್ಲಿ ಯಾರಿಗೆ ಫೋನ್ ಮಾಡಬೇಕು ಅಂತ ಗೊತ್ತಾಗುತ್ತದೆ.

ನಿನಗೂ ಇದೇ ಬೇಕು. ಪುಟ್ಟಿಯ ಲ್ಯಾಪ್‌ಟಾಪಿನಲ್ಲಿ ಗೂಗಲ್ ಶೀಟ್ಸ್ ತೆರೆಯಲು ಹೇಳು. ಐದು ಕಾಲಂ ಸಾಕು. ಎ ಯಾರು, ಬಿ ಸಾಮಾನು, ಸಿ ಕೊಟ್ಟ ದಿನ, ಡಿ ಬರಬೇಕಾದ ದಿನ, ಇ ಬಂದ ದಿನ. ಒಂದು ಸಾಮಾನಿಗೆ ಒಂದು ಸಾಲು. ಕುರ್ಚಿ, ಹಂಡೆ, ಸೌಟು ಎಲ್ಲ ಒಂದೇ ಸಾಲಿನಲ್ಲಿ ಬರೆದರೆ ಕುರ್ಚಿ ಬಂತು, ಸೌಟು ಬರಲಿಲ್ಲ ಅನ್ನುವುದು ಮುಚ್ಚಿಹೋಗುತ್ತದೆ. ಇನ್ನೂರು ಕುರ್ಚಿಯಲ್ಲಿ ಕೊನೆಯದೂ ಬಂದ ಮೇಲೆಯೇ ಇ ತುಂಬಬೇಕು.

ಆಮೇಲೆ ಎ2ರಿಂದ ಇ500ರವರೆಗೆ ಆರಿಸಿಕೊಂಡು ಫಾರ್ಮ್ಯಾಟ್ ಮೆನುವಿನಲ್ಲಿ ಕಂಡೀಷನಲ್ ಫಾರ್ಮ್ಯಾಟಿಂಗ್ ಒತ್ತಲಿ. ಪಟ್ಟಿಯ ಕೊನೆಗೆ ಕಸ್ಟಮ್ ಫಾರ್ಮುಲಾ ಅಂತ ಇರುತ್ತದೆ. ಅಲ್ಲಿ ಇದನ್ನು ಹಾಕಿ, ಬಣ್ಣ ಕೆಂಪು ಅಂತ ಆರಿಸಬೇಕು. ನಿನಗೆ ಓದಲು ಆಗಲಿ ಅಂತ ಕನ್ನಡದಲ್ಲಿ ಬರೆದಿದ್ದೇನೆ, ಪುಟ್ಟಿ ಇಂಗ್ಲಿಷಿನಲ್ಲೇ ಹೊಡೆಯಬೇಕು:

=ಆ್ಯಂಡ್($ಡಿ2<>"",$ಡಿ2<ಟುಡೇ(),$ಇ2="")

ಇದರಲ್ಲಿ ಮೂರು ಮಾತಿದೆ. ಡಿ ಖಾಲಿ ಇರಬಾರದು, ಡಿಯ ದಿನ ಇವತ್ತಿಗಿಂತ ಹಿಂದಿನದಾಗಿರಬೇಕು, ಇ ಖಾಲಿ ಇರಬೇಕು. ಮೂರೂ ಸೇರಿದರೆ ಮಾತ್ರ ಕೆಂಪು. ಮೊದಲನೆಯದನ್ನು ಬಿಡಬೇಡಿ. ಖಾಲಿ ಸೆಲ್ (ಶೀಟಿನ ಒಂದು ಚೌಕ) ಅಂದರೆ ಸೊನ್ನೆ, ಸೊನ್ನೆ ಇವತ್ತಿಗಿಂತ ಚಿಕ್ಕದು, ಅದಕ್ಕೆ ಬರೆಯದೇ ಇರುವ ಸಾಲುಗಳೆಲ್ಲ ಕೆಂಪಾಗಿಬಿಡುತ್ತವೆ. ಡಾಲರ್ ಗುರುತನ್ನೂ ಬಿಡಬಾರದು. ಅದು ಇದ್ದರೇನೇ ಸಾಲಿನ ಯಾವ ಸೆಲ್ ಆದರೂ ಡಿ ಮತ್ತು ಇ ಕಾಲಂ ಅನ್ನೇ ನೋಡುವುದು, ಸಾಲು ಪೂರ್ತಿ ಬಣ್ಣವಾಗುವುದು. ಟುಡೇ ಅನ್ನುವುದು ಆಯಾ ದಿನದ ತಾರೀಕನ್ನು ತಾನೇ ತೆಗೆದುಕೊಳ್ಳುತ್ತದೆ, ದಿನಾ ಬದಲಾಯಿಸುವ ಕೆಲಸವಿಲ್ಲ.

ಇನ್ನೊಂದು ನಿಯಮ ಹಳದಿಗೆ ಹಾಕಿಸು, ಇವತ್ತು ಅಥವಾ ನಾಳೆ ಬರಬೇಕಾದ ಸಾಮಾನಿಗೆ. ನನ್ನನ್ನು ಕೇಳಿದರೆ ಕೆಂಪಿಗಿಂತ ಹಳದಿಯೇ ಮುಖ್ಯ. ಕೆಂಪಾದ ಮೇಲೆ ಫೋನ್ ಮಾಡಿದರೆ ಅವರಿಗೂ ಮುಜುಗರ, ನಿನಗೂ ಮುಜುಗರ. ಹಳದಿ ಇರುವಾಗ "ನಾಳೆ ಹುಡುಗನನ್ನು ಕಳಿಸಲಾ, ಪಾತ್ರೆ ತೊಳೆದಿದೆಯಾ?" ಅಂತ ಕೇಳಿದರೆ ಸಾಕು. ಊರಿನವರೇ ಅಲ್ವಾ, ನಾಳೆ ಮತ್ತೆ ಅವರ ಮನೆಯ ಕಾರ್ಯಕ್ಕೆ ನಮ್ಮ ಪಾತ್ರೆಯೇ ಹೋಗಬೇಕು.

ತಾರೀಕಿನ ವಿಷಯದಲ್ಲಿ ಮಾತ್ರ ತುಂಬಾ ಜಾಗ್ರತೆ. ಕಳೆದ ವರ್ಷ ನಮ್ಮಲ್ಲಿ ಒಂದು ಚಲನ್ ವಾಯಿದೆ ದಾಟಿದರೂ ಕೆಂಪಾಗಲಿಲ್ಲ. ಯಾರೋ ತಾರೀಕಿನ ನಡುವೆ ಚುಕ್ಕಿ ಇಟ್ಟು ಹೊಡೆದಿದ್ದರು. ಎಕ್ಸೆಲ್ ಅದನ್ನು ತಾರೀಕು ಅಂತ ಹಿಡಿಯಲಿಲ್ಲ, ಬರೀ ಅಕ್ಷರ ಅಂದುಕೊಂಡಿತು. ಅಕ್ಷರ ಯಾವತ್ತೂ ಇವತ್ತಿಗಿಂತ ಹಿಂದಿನದಾಗುವುದಿಲ್ಲ. ಶೀಟಿನಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು, ಅದೇ ಭಯ. ನಾನು ಎರಡು ರಾತ್ರಿ ನಿದ್ದೆ ಮಾಡಲಿಲ್ಲ. ನಿಜವಾದ ತಾರೀಕು ಸೆಲ್ಲಿನ ಬಲಗಡೆಗೆ ನಿಲ್ಲುತ್ತದೆ, ಅಕ್ಷರ ಎಡಗಡೆಗೆ. ಶೀಟ್ಸ್‌ನಲ್ಲಿ ತಾರೀಕಿನ ಮೇಲೆ ಎರಡು ಸಲ ಒತ್ತಿದರೆ ಕ್ಯಾಲೆಂಡರ್ ತೆರೆಯಬೇಕು. ಹಾಗೇ ಫೈಲ್, ಸೆಟ್ಟಿಂಗ್ಸ್‌ಗೆ ಹೋಗಿ ಲೊಕೇಲ್ (ಯಾವ ದೇಶದ ರೀತಿ ಅನ್ನುವುದು) ಇಂಡಿಯಾ ಅಂತ ಮಾಡಿಸು. ಅದು ಅಮೆರಿಕ ಅಂತ ಇದ್ದರೆ 5/6 ಅಂದರೆ ಜೂನ್ 5 ಅಲ್ಲ, ಮೇ 6 ಆಗಿಬಿಡುತ್ತದೆ. ಒಂದು ತಿಂಗಳೇ ಹೆಚ್ಚುಕಡಿಮೆ!

ಶೀಟನ್ನು ನನಗೂ ಶೇರ್ ಮಾಡಲು ಹೇಳು. ರಾತ್ರಿ ಊಟಕ್ಕೆ ಕೂರುವ ಮೊದಲು ನಾನೂ ಇಲ್ಲಿಂದ ಒಮ್ಮೆ ನೋಡುತ್ತೇನೆ. ನಿನಗೆ ಪುರುಸೊತ್ತು ಇಲ್ಲದ ದಿನ ನಾನೇ ಅವರಿಗೆ ಫೋನ್ ಮಾಡುತ್ತೇನೆ.

ಈಗ ಆಷಾಢ, ಮದುವೆಗಳಿಲ್ಲ. ಶ್ರಾವಣಕ್ಕೆ ಮುಂಚೆ ಅಟ್ಟದಲ್ಲಿ ಇರುವುದನ್ನೆಲ್ಲ ಕೆಳಗಿಳಿಸಿ ಎಣಿಸು. ಅಪ್ಪನ ಹೆಸರು ಕೊರೆದ ಹಳೆಯ ತಾಮ್ರದ ಹಂಡೆ ನಾನು ಹೋದ ಸಲ ಬಂದಾಗ ಕಾಣಲಿಲ್ಲ. ಅದು ಯಾರ ಮನೆಯಲ್ಲಿದೆ ಅಂತ ಅಮ್ಮನಿಗೆ ನೆನಪಿರಬಹುದು, ಕೇಳು. ಸಿಕ್ಕರೆ ಅದನ್ನೇ ಮೊದಲ ಸಾಲಿನಲ್ಲಿ ಬರೆಸು.

ನಿನ್ನ ತಮ್ಮ